ಬಲಗಡೆ ತಿರುಗಿ ನಿಲ್ಲುವ ಕುದುರೆ

ಆಳಂದದಲ್ಲಿ ನನ್ನ ಕತೆಯನ್ನು ನನಗಿಂತ ಚೆನ್ನಾಗಿ ಹೇಳುವವರು ಬಹಳ ಜನ ಇದ್ದಾರೆ. ಬಸ್‌ಸ್ಟ್ಯಾಂಡಿನ ಹಣ್ಣಿನ ಗಾಡಿಯವನಿಂದ ಹಿಡಿದು ತೊಗರಿ ಅಡತಿ ಅಂಗಡಿಯ ಗುಮಾಸ್ತರ ತನಕ ಎಲ್ಲರ ಬಾಯಲ್ಲೂ ಅದು ಒಂದೇ ಥರ. ಅಣ್ಣನ ಎರಡೂ ಕಿಡ್ನಿ ಕೆಟ್ಟವು, ತಂಗಿ ಹಿಂದೆಮುಂದೆ ನೋಡದೆ ತನ್ನದೊಂದು ತೆಗೆದುಕೊಟ್ಟಳು, ಅವತ್ತಿನಿಂದ ಪಾಪ, ಕುದುರೆ ಹತ್ತೋದನ್ನೂ ಬಿಟ್ಟಳು. ಇಷ್ಟು ಹೇಳಿ ಒಂದು ಉಸಿರು ಬಿಡುತ್ತಾರೆ. ನಾನು ಎದುರಿಗೇ ನಿಂತಿದ್ದರೂ ಬಿಡುತ್ತಾರೆ.

ಈ ಕತೆಯಲ್ಲಿ ಕಿಡ್ನಿ ಕೊಟ್ಟದ್ದೊಂದು ಖರೆ. ಹಿಂದೆಮುಂದೆ ನೋಡದೆ ಅನ್ನುವುದು ಸುಳ್ಳು. ನಾನು ಹಿಂದೆ ನೋಡಿದೆ, ಮುಂದೆ ನೋಡಿದೆ, ಡಾಕ್ಟರರ ತಲೆ ತಿಂದೆ, ತಿಂಗಳುಗಟ್ಟಲೆ ನಿದ್ದೆಗೆಟ್ಟೆ, ಆಮೇಲೆ ಕೊಟ್ಟೆ. ಕುದುರೆ ಬಿಟ್ಟಳು ಅನ್ನುವುದಂತೂ ಅದಕ್ಕಿಂತ ದೊಡ್ಡ ಸುಳ್ಳು. ನಾನು ಬಿಡಲಿಲ್ಲ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಗ ಕುದುರೆಯನ್ನೇ ಮನೆಯಿಂದ ಸಾಗಿಸಿದರು. ಒಂದು ಚಟ ಬಿಟ್ಟವಳಂತೆ ನನ್ನನ್ನು ಹೊಗಳುವವರಿಗೆ ಈ ವ್ಯತ್ಯಾಸ ಹೇಳಹೋದರೆ, ಇರ್ಲಿ ಬಿಡವ್ವಾ, ಈಗ ಆರಾಮ ಇದ್ದೀ ಅಲ್ಲ ಅನ್ನುತ್ತಾರೆ.

ಆರಾಮ ಇರಲಿಲ್ಲ. ಅದನ್ನೇ ಬರೆಯಬೇಕೆಂದು ಕುಳಿತಿದ್ದೇನೆ.

ಮದುವೆಗೆ ಕುದುರೆ ಕೊಡುವುದು ನಮ್ಮ ಮನೆಯ ಕಸುಬು. ಅಬ್ಬಾ ಇದ್ದಾಗ ಟಾಂಗಾನೂ ಇತ್ತು. ಅಬ್ಬಾ ಹೋದ ಮೇಲೆ ಉಳಿದದ್ದು ಒಂದು ಬಿಳಿ ಹೆಣ್ಣು ಕುದುರೆ. ಅದಕ್ಕೆ ಹೆಸರಿಲ್ಲ. ದುಡಿಯುವ ಪ್ರಾಣಿಗೆ ಹೆಸರಿಟ್ಟರೆ ಕೆಲಸ ಹೇಳಲಿಕ್ಕೆ ಬಾಯಿ ಬರೋದಿಲ್ಲ ಅನ್ನುತ್ತಿದ್ದ ಅಬ್ಬಾ. ಮದುಮಗ ಬಾಸಿಂಗ ಕಟ್ಟಿಕೊಂಡು ಕುದುರೆ ಮೇಲೆ ಕುಳಿತದ್ದನ್ನು ಎಲ್ಲರೂ ನೋಡಿರುತ್ತಾರೆ. ಅದೇ ದಿನ ಮುಂಜಾನೆ ನಡೆಯುವ ಕೆಲಸವನ್ನು ಯಾರೂ ನೋಡಿರುವುದಿಲ್ಲ. ದಿನಗಟ್ಟಲೆ ಕಟ್ಟಿಹಾಕಿದ ಕುದುರೆಯನ್ನು ತಂದು ನೇರ ಹಲಗಿ, ಬ್ಯಾಂಡು, ಪಟಾಕಿ ನಡುವೆ ನಿಲ್ಲಿಸಿದರೆ ಅದು ಮದುಮಗನನ್ನು ನೆಲಕ್ಕೆ ತಂದೇ ತರುತ್ತದೆ. ಹಾಗಾಗಿ ಮೆರವಣಿಗೆಯ ದಿನ ಬೆಳಕು ಹರಿಯುತ್ತಿದ್ದಂತೆ ಮನೆಯವರೊಬ್ಬರು ಅದನ್ನು ಹತ್ತಿ, ಹೊಲದ ದಾರಿ ಹಿಡಿದು, ಅದರ ಮೈಯಲ್ಲಿ ಉಕ್ಕುವುದೆಲ್ಲ ಇಳಿಯುವಷ್ಟು ಓಡಿಸಿ ತರಬೇಕು. ನಮ್ಮಲ್ಲಿ ಇದಕ್ಕೆ ಬೆವರು ತೆಗೆಯೋದು ಅಂತೀವಿ.

ಅಬ್ಬಾ ತೆಗೆಯುತ್ತಿದ್ದ. ಆಮೇಲೆ ಭಾಯಿ, ಅಂದರೆ ನನ್ನ ಅಣ್ಣ. ನನಗೆ ಕಲಿಸಿದವನೂ ಅವನೇ. ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಲಗಾಮು ಜಗ್ಗಿದರೆ ಬೈಯುತ್ತಿದ್ದ: “ಅದರ ಬಾಯಿ ನಿನ್ನ ಬಾಯಿ ಇದ್ದಂಗಲ್ಲ ಬೇ, ಮೆತ್ತಗದ.” ಭಾಯಿಯ ಕಾಲು ಊದಿಕೊಳ್ಳಲು ಶುರುವಾದ ವರ್ಷ ಬೆವರು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿ ಕುದುರೆ ಹತ್ತುವುದಕ್ಕೆ ಓಣಿಯವರು ಏನು ಅಂದರೋ ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವರು ಹಾಸಿಗೆ ಬಿಟ್ಟು ಏಳುವುದರೊಳಗೆ ನಾನು ತಿರುಗಿ ಬಂದು ಚಹಾ ಕುಡಿಯುತ್ತಿದ್ದೆ.

ನನ್ನ ತಲೆ ಸುಮ್ಮನಿರುವ ತಲೆಯಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು, ಕೇಳಲಿಕ್ಕೆ ಹಿತವಾದ ಮಾತನ್ನು ಎದುರು ಪಕ್ಷದ ಬಾಯಿಂದ ಒಮ್ಮೆ ಕೇಳಿ ನೋಡು ಅನ್ನುತ್ತಿದ್ದರು. ಅವರು ಹೇಳಿದ್ದು ಸ್ಪರ್ಧೆಗೆ. ನನಗೆ ಅದು ಊಟದ ತಟ್ಟೆಯ ಮುಂದೆಯೂ ಅಂಟಿಕೊಂಡಿತು. ಅನ್ನ ಬಿಸಿ ಇದೆ ಅಂದರೆ ಪುರಾವೆ ಕೇಳುತ್ತೀ ಅಂತ ಅಮ್ಮಿ ಬೈಯುತ್ತಾಳೆ. ಈ ಪರ, ವಿರೋಧ, ಮರುಪ್ರಶ್ನೆಯ ಗಲಾಟೆ ನಿಲ್ಲುತ್ತಿದ್ದದ್ದು ಒಂದೇ ಕಡೆ, ಕುದುರೆಯ ಬೆನ್ನ ಮೇಲೆ, ಅದು ನಡಿಗೆಯಿಂದ ಓಟಕ್ಕೆ ಬದಲಾಗುವ ಹೊತ್ತಿನಲ್ಲಿ. ನನಗೆ ಬೇಕಾಗಿದ್ದದ್ದು ಅದು. ತ್ಯಾಗಮಯಿ ಅನ್ನಿಸಿಕೊಳ್ಳುವುದಲ್ಲ.

ಭಾಯಿಗೆ ಡಯಾಲಿಸಿಸ್ ಶುರುವಾಗಿ ವಾರವಾರ ಕಲಬುರಗಿಗೆ ಓಡಾಡುವಂತಾಯಿತು. ಅಮ್ಮಿಗೆ ಸಕ್ಕರೆ ಕಾಯಿಲೆ, ಆಕೆಯದು ನಡೆಯಲಿಲ್ಲ. ನನ್ನದು ಹೊಂದಿತು. ಮನೆಯಲ್ಲಿ ಯಾರೂ ಕೊಡು ಅನ್ನಲಿಲ್ಲ. ಯಾರೂ ಅನ್ನದೆ ಇರುವುದು ಎಷ್ಟು ಜೋರಾಗಿ ಕೇಳಿಸುತ್ತದೆ ಅಂತ ಆಗ ಗೊತ್ತಾಯಿತು. ಹೈದರಾಬಾದಿನ ಆಸ್ಪತ್ರೆಯಲ್ಲಿ ದಾನಿಗಳ ಒಪ್ಪಿಗೆ ಕೇಳುವ ಸಮಿತಿಯವರು ನನ್ನೊಬ್ಬಳನ್ನೇ ಒಳಗೆ ಕೂರಿಸಿ, ನಿಮ್ಮ ಮೇಲೆ ಒತ್ತಡ ಇದೆಯಾ ಅಂತ ಕೇಳಿದರು. ಒತ್ತಡ ಅಂದರೆ ನೀವು ಯಾವುದನ್ನು ಅನ್ನುತ್ತೀರಿ ಅಂದೆ. ಹೌದು ಇಲ್ಲ ಎರಡರಲ್ಲಿ ಒಂದು ಹೇಳಮ್ಮಾ ಅಂದರು. ಒತ್ತಡ ಇದೆ, ಕೊಡುವುದು ನನ್ನ ಇಷ್ಟ, ಎರಡನ್ನೂ ಬರೆದುಕೊಳ್ಳಿ ಅಂದೆ. ಹೊರಗೆ ಕೂರಿಸಿ ಮತ್ತೆ ಕರೆದರು. ನಾನು ಅದನ್ನೇ ಮತ್ತೆ ಹೇಳಿದೆ.

ಡಾಕ್ಟರರಿಗೆ ನಾನು ಕೇಳಿದ ಪ್ರಶ್ನೆಗಳಲ್ಲಿ ಕೊನೆಯದು, ಆಮೇಲೆ ಕುದುರೆ ಹತ್ತಬಹುದಾ ಅನ್ನುವುದು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಗಾಯ ಪೂರ್ತಿ ಮಾಗಲಿ, ಪರೀಕ್ಷೆಗಳು ಸರಿ ಬರಲಿ, ಆಮೇಲೆ ನಿಧಾನಕ್ಕೆ ಶುರು ಮಾಡಿ, ಬೆನ್ನು ಪಕ್ಕೆ ಕಾಯುವ ಜಾಕೆಟ್ ಹಾಕಿಕೊಳ್ಳಿ, ಪಂದ್ಯ ಗಿಂದ್ಯ ಬೇಡ, ಬಿದ್ದು ಪಕ್ಕೆಗೆ ಪೆಟ್ಟಾದರೆ ಆ ಕ್ಷಣ ಆಸ್ಪತ್ರೆಗೆ ಬನ್ನಿ ಅಂದರು. ಬೀಳಬೇಡಿ, ಅಷ್ಟೇ ಅಂತ ಸೇರಿಸಿದರು. ಬೀಳಬೇಕು ಅಂತ ಯಾರೂ ಬೀಳೋದಿಲ್ರಿ ಸರ್ ಅಂದೆ. ಅವರಿಗೆ ನಗು ಬಂತು.

ನನ್ನ ಎಡಗಡೆಯದನ್ನು ತೆಗೆದು ಭಾಯಿಯ ಹೊಟ್ಟೆಯ ಕೆಳಭಾಗಕ್ಕೆ, ಬಲಗಡೆಗೆ ಕೂರಿಸಿದರು. ಅದು ಕೆಲಸ ಶುರು ಮಾಡಿತು ಅಂತ ನರ್ಸು ಬಂದು ಹೇಳಿದಾಗ ನನಗೆ ಆದ ಸಂತೋಷ ನಿಜ. ಅದಕ್ಕೆ ಎದುರು ವಾದ ನನ್ನ ಹತ್ತಿರ ಇಲ್ಲ.

ಆಳಂದಕ್ಕೆ ವಾಪಸು ಬಂದ ದಿನ ಲಾಯ ಖಾಲಿ. ನೆಲ ಸಾರಿಸಿ ಸುಣ್ಣ ಬಳಿದು ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಕುದುರೆ ಎಲ್ಲಿ ಅಂದೆ. ಯಡ್ರಾಮಿಯಲ್ಲಿರುವ ಮಾಮುವಿನ ಮನೆಗೆ ಕಳಿಸೀವಿ, ಬುಕಿಂಗ್ ಬಂದರೆ ಅಲ್ಲಿಂದಲೇ ಟೆಂಪೋದಲ್ಲಿ ತರೋದು ಅಂದಳು ಅಮ್ಮಿ. ಲದ್ದಿ, ಹೊಟ್ಟಿನ ಧೂಳು ಭಾಯಿಗೆ ಆಗೋದಿಲ್ಲವಂತೆ, ಅವನು ನುಂಗುವ ಮಾತ್ರೆಗಳು ಮೈಯ ಕಾವಲನ್ನು ಇಳಿಸಿಟ್ಟಿರುತ್ತವಂತೆ. ಅದು ಸರಿಯಾದ ಕಾರಣವೇ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಒಪ್ಪುತ್ತಿದ್ದೆ. ಆದರೆ ಭಾಯಿ ಮುಖಕ್ಕೆ ಹಾಕಿಕೊಂಡ ಮಾಸ್ಕ್ ಒಳಗಿಂದಲೇ ಇನ್ನೊಂದು ಕಾರಣ ಹೇಳಿದ. ನಮ್ಮ ಮನೆಯ ಮಾತು ಅರ್ಧ ನಮ್ಮ ದಖ್ಖನಿ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡ, ಯಾಕೆಂದರೆ ಉರ್ದುವಿನಲ್ಲಿ ಅವನು ಗೆಲ್ಲುತ್ತಾನೆ.

“ನಿನ್ನ ಹಂತ್ಯಾಕ ಉಳಿದಿದ್ದು ಒಂದೇ ಒಂದು,” ಅಂದ. “ಅದನ್ನ ಕುದುರಿ ಕಾಲಾಗ ಹಾಕಾಕ ನಾ ಬಿಡಂಗಿಲ್ಲ.”

“ನಿನ್ನ ಹಂತ್ಯಾಕರ ಎಷ್ಟು ಕೆಲಸ ಮಾಡಾಕತ್ತಾವ?”

“ಅದಕ್ಕ ನಾನೂ ಹತ್ತಂಗಿಲ್ಲಲ್ಲ.”

ಅವನೂ ಬಿಟ್ಟಿದ್ದಾನೆ, ನನಗೂ ಬಿಡು ಅನ್ನುತ್ತಿದ್ದಾನೆ. ಇಬ್ಬರಿಗೂ ಒಂದೇ ನಿಯಮ. ಅಂಥ ವಾದವನ್ನು ಒಡೆಯುವುದು ಕಷ್ಟ.

ಆಮೇಲಿನ ತಿಂಗಳುಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ತೊಡೆ ತಾನಾಗಿ ಬಿಗಿಯುತ್ತಿತ್ತು, ತೊಡೆಗಳ ನಡುವೆ ಕುದುರೆಯ ಹೊಟ್ಟೆ ಇದ್ದ ಹಾಗೆ. ತರಗತಿಯಲ್ಲಿ ಬಿ.ಎಡ್. ಪಾಠ ಕೇಳುತ್ತಾ ಹಿಮ್ಮಡಿ ಒತ್ತುತ್ತಿದ್ದೆ. ವರ್ಷದ ತಪಾಸಣೆಗೆ ಹೋದಾಗ ಡಾಕ್ಟರರು ಎಲ್ಲ ನೋಡಿ, ಇನ್ನು ಶುರು ಮಾಡಿ, ಎಚ್ಚರವಾಗಿರಿ ಅಂದರು. ಕಲಬುರಗಿಯಲ್ಲಿ ಬೈಕಿನವರು ಹಾಕುವ ಗಟ್ಟಿ ಜಾಕೆಟ್ ತಗೊಂಡೇ ಮನೆಗೆ ಬಂದೆ. ಅದನ್ನು ನೋಡಿದ ಅಮ್ಮಿ, “ಡಾಕ್ಟರ್‌ಗೇನು ಬೇ, ನೀ ಅವನ ಮಗಳೇನು,” ಅಂದಳು. ಅಮ್ಮಿಯ ಹತ್ತಿರ ಕುಳಿತು ಸೊಪ್ಪು ಸೋಸುತ್ತಿದ್ದ ಪಕ್ಕದ ಮನೆ ಖಾಲಾ ತಲೆ ಎತ್ತದೆ ಹೇಳಿದಳು:

“ಒಂದ್ ಕಿಡ್ನಿ ಹುಡುಗಿಗಿ ವರ ಸಿಗೋದೇ ಕಷ್ಟ. ಅದ್ರಾಗ ಇಕಿ ಕುದುರಿ ಮ್ಯಾಲ ಕುಂತು ಹುಡುಕ್ತಾಳಂತೇನು?”

“ಕುದುರಿ ಮ್ಯಾಲ ಕುಂತ್ರ ದೂರದ ತನಾ ಕಾಣ್ತಾರ ಖಾಲಾ.”

ಖಾಲಾ ನಕ್ಕಳು, ಅಮ್ಮಿ ನಗಲಿಲ್ಲ. ಭಾಯಿ ಜಾಕೆಟ್ಟನ್ನು ಒಮ್ಮೆ ಮುಟ್ಟಿ ನೋಡಿ, ಬ್ಯಾಡ ಅಂದರ ಬ್ಯಾಡ ಅಂತ ಹೊರಗೆ ಹೋದ. ಅವತ್ತಿನಿಂದ ಅದು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು, ಮನೆಗೆ ಬಂದವರೆಲ್ಲ ಯಾರ ಬೈಕು ಅಂತ ಕೇಳುತ್ತಿದ್ದರು.

ಇದೆಲ್ಲ ಹಾಗೇ ನಡೆದುಹೋಗುತ್ತಿತ್ತೋ ಏನೋ. ಅತನೂರಿನ ಮದುವೆ ಬಂತು.

ನನ್ನ ಕಾಲೇಜಿನ ಗೆಳತಿಯ ಅಣ್ಣನ ಮದುವೆ. ಅಫಜಲಪುರದ ಬಸ್ಸು ಹಿಡಿದು ಅತನೂರಿಗೆ ಹೋಗಿ ಇಳಿಯುವಷ್ಟರಲ್ಲಿ ಬ್ಯಾಂಡು ಶುರುವಾಗಿತ್ತು. ಹಣಮಂದೇವರ ಗುಡಿಗೆ ಮದುಮಗನನ್ನು ಕರೆದೊಯ್ಯುವ ಮೆರವಣಿಗೆ. ಬಾಗಿಲ ಮುಂದೆ ಝೂಲು ಹೊದಿಸಿಕೊಂಡು ನಿಂತದ್ದು ನಮ್ಮದೇ ಕುದುರೆ. ಲಗಾಮು ಹಿಡಿದವನು ಮಾಮು, ಅಮ್ಮಿಯ ತಮ್ಮ. ನನ್ನನ್ನು ನೋಡಿದ್ದೇ ಅವನ ಮುಖ ಸಣ್ಣದಾಯಿತು. ಕುದುರೆ ನನ್ನ ಹೆಗಲ ಚೀಲ ಮೂಸಿತು, ನಾನು ಅದರ ಕುತ್ತಿಗೆಗೆ ಕೈಯಿಟ್ಟೆ. ಮಾಮು ಅದನ್ನು ಬೇಗ ಆಚೆ ಎಳೆದುಕೊಂಡ.

ಮದುಮಗ ಹತ್ತಲಿಕ್ಕೆ ಪ್ಲಾಸ್ಟಿಕ್ ಕುರ್ಚಿ ತಂದು ಕುದುರೆಯ ಎಡಗಡೆ ಇಟ್ಟರು. ಎಲ್ಲ ಕಡೆಯೂ ಕುದುರೆ ಹತ್ತುವುದು ಎಡಗಡೆಯಿಂದಲೇ. ಅವನು ಕುರ್ಚಿ ಹತ್ತಿ ನಿಂತು ಕಾಲೆತ್ತಿದ್ದೇ ತಡ, ಕುದುರೆ ಹಿಂಭಾಗ ತಿರುಗಿಸಿ ತನ್ನ ಬಲಗಡೆಯನ್ನು ಕುರ್ಚಿಯ ಹತ್ತಿರಕ್ಕೆ ತಂದು ಅಲುಗದೆ ನಿಂತಿತು. ಕುರ್ಚಿಯನ್ನು ಮತ್ತೆ ಎಡಗಡೆಗೆ ಒಯ್ದರು. ಕುದುರೆ ಮತ್ತೆ ತಿರುಗಿತು. ಮದುಮಗನ ಸೋದರಮಾವಂದಿರು, ಕುರ್ಚಿ, ಕುದುರೆ ಎಲ್ಲ ಸೇರಿ ಬಾಗಿಲ ಮುಂದೆ ಸುತ್ತತೊಡಗಿದರು. ಬ್ಯಾಂಡಿನವರು ಅದೂ ಒಂದು ಕುಣಿತ ಅಂದುಕೊಂಡು ಇನ್ನೂ ಜೋರು ಮಾಡಿದರು. ಕುದುರಿಗಿ ಲಗ್ನ ಮನಸಿಲ್ಲೇನು ಅಂತ ಯಾರೋ ಅಂದದ್ದಕ್ಕೆ, ಅದಕ್ಕ ಹುಡುಗಿ ಬಗ್ಗಿ ಗೊತ್ತಿರಬೇಕು ಅಂತ ಇನ್ಯಾರೋ ಅಂದರು. ಹೆಣ್ಣಿನ ಕಡೆಯ ಮುದುಕರೊಬ್ಬರ ಮುಖ ಗಂಟಾಯಿತು. ಕೊನೆಗೆ ನಾಲ್ಕು ಮಂದಿ ಮದುಮಗನನ್ನು ಎತ್ತಿ ಬಲಗಡೆಯಿಂದಲೇ ಕೂರಿಸಿದರು. ಮೆರವಣಿಗೆ ಹೊರಟಿತು. ಪಟಾಕಿ ಸಿಡಿದರೂ ಕುದುರೆ ಕಿವಿ ಸಹ ನಿಮಿರಿಸಲಿಲ್ಲ.

ಅದು ನನ್ನನ್ನು ಹಿಡಿದು ನಿಲ್ಲಿಸಿತು. ಇಷ್ಟು ತಣ್ಣಗಿರುವ ಕುದುರೆ ಅಂದರೆ ಬೆಳಗ್ಗೆ ಯಾರೋ ಬೆವರು ತೆಗೆದಿದ್ದಾರೆ. ಗುಡಿಯ ಹತ್ತಿರ ನಿಂತಾಗ ಝೂಲು ಎತ್ತಿ ನೋಡಿದೆ. ಬೆನ್ನನ್ನು ಉಜ್ಜಿ ಸ್ವಚ್ಛ ಮಾಡಿದ್ದರು, ಜೀನು ಬಿಗಿಯುವ ಹೊಟ್ಟೆಪಟ್ಟಿಯ ಕೆಳಗೆ ಉಪ್ಪು ಕಟ್ಟಿದ ಬೆವರಿನ ಗೆರೆ ಹಾಗೇ ಇತ್ತು. ಯಾರು ಹತ್ತಿದ್ರು ಮಾಮು ಅಂತ ಕೇಳಿದೆ. ಹಗ್ಗ ಹಿಡಿದು ಹೊಲದಾಗ ಸುತ್ತು ಹಾಕಿಸಿದೆ ಅಂದ. ಹಗ್ಗ ಹಿಡಿದು ಸುತ್ತಿಸಿದರೆ ಹೊಟ್ಟೆಪಟ್ಟಿ ಯಾಕೆ ಕಟ್ಟಬೇಕು ಅಂತ ನಾನು ಕೇಳುವಷ್ಟರಲ್ಲಿ ಅವನು ಮುಂದೆ ಹೋಗಿದ್ದ. ನಡೆಯುವಾಗ ಎರಡೂ ಮೊಣಕಾಲು ಹೊರಕ್ಕೆ ಬಾಗುತ್ತಿದ್ದವು. ಆ ಮೊಣಕಾಲಿನಿಂದ ಅವನು ಮಂಚ ಹತ್ತುವುದೇ ಕಷ್ಟ.

ಊಟಕ್ಕೆ ಕೂರದೆ ವಾಪಸು ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ಅಫಜಲಪುರದ ಕಬ್ಬು, ತೊಗರಿ, ಮತ್ತೆ ಕಬ್ಬು. ಬಲಗಡೆಯಿಂದ ಹತ್ತುವವರು ಯಾರು? ಎಡಗಡೆಯಿಂದ ಹತ್ತಬೇಕಾದರೆ ಎಡಗೈಯಲ್ಲಿ ಲಗಾಮಿನ ಜೊತೆ ಕುತ್ತಿಗೆಯ ಕೂದಲು ಹಿಡಿದು, ಮೈಯ ಭಾರವನ್ನೆಲ್ಲ ಆ ಕೈಗೆ ಕೊಟ್ಟು ಎಳೆದುಕೊಳ್ಳಬೇಕು. ಎಡಗೈಗೆ ಭಾರ ಕೊಡಬಾರದವನು ಮಾತ್ರ ಬಲಗಡೆಗೆ ಬರುತ್ತಾನೆ. ಡಯಾಲಿಸಿಸ್ ಮಾಡಲಿಕ್ಕೆ ಭಾಯಿಯ ಎಡ ಮುಂಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಕಟ್ಟಿದ್ದಾರೆ. ಅಲ್ಲಿ ಹಗ್ಗದಷ್ಟು ದಪ್ಪ ಉಬ್ಬಿದೆ, ಬೆರಳಿಟ್ಟರೆ ಒಳಗೆ ಗುಂಯ್ ಅನ್ನುತ್ತದೆ. ಆ ಕೈಗೆ ಬಿ.ಪಿ. ಪಟ್ಟಿ ಸುತ್ತುವ ಹಾಗಿಲ್ಲ, ನೀರಿನ ಕೊಡ ಎತ್ತುವ ಹಾಗಿಲ್ಲ. ಮೆರವಣಿಗೆ ಇದ್ದಾಗಲೆಲ್ಲ ಹಿಂದಿನ ದಿನ ಬುಕಿಂಗ್ ಮಾತಾಡಿ ಬರ್ತೇನಿ ಅಂತ ಯಡ್ರಾಮಿಯ ದಾರಿಯ ಜೇವರ್ಗಿ ಬಸ್ಸು ಹತ್ತುವವನು ಭಾಯಿ.

ನಾನು ಬಸ್ಸಿನಲ್ಲಿ ಎದ್ದು ನಿಂತುಬಿಟ್ಟೆ. ಸೀಟು ಅದ ಅಲ್ಲಬೇ, ಕೂಡು ಅಂದಳು ಪಕ್ಕದ ಹೆಂಗಸು. ಕೂರಲಿಕ್ಕಾಗಲಿಲ್ಲ. ಸಿಟ್ಟು ಎರಡು ಕಡೆಯಿಂದ ಬರುತ್ತಿತ್ತು, ಎರಡೂ ಒಂದನ್ನೊಂದು ತಳ್ಳುತ್ತಿದ್ದವು. ನನ್ನನ್ನು ಕೆಳಗಿಳಿಸಿ ತಾನು ಹತ್ತಿದ್ದಾನೆ ಅನ್ನುವುದು ಒಂದು. ನಾನು ಕೊಟ್ಟದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹತ್ತಿದ್ದಾನೆ ಅನ್ನುವುದು ಇನ್ನೊಂದು. ನನಗೆ ಉಳಿದದ್ದು ಬೆನ್ನಿನ ಕಡೆ, ಪಕ್ಕೆಲುಬಿನ ಮರೆಯಲ್ಲಿದೆ. ಅವನಿಗೆ ಕೂರಿಸಿದ್ದು ಮುಂದೆ, ಚರ್ಮದ ಹಿಂದೆಯೇ, ಕಾಯಲಿಕ್ಕೆ ಎಲುಬಿಲ್ಲ. ಜೀನಿನ ಮುಂಭಾಗ ಒಮ್ಮೆ ಜೋರಾಗಿ ತಾಗಿದರೆ ಸಾಕು. ಅಂದರೆ ಅಪಾಯದ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬರು ಬಿಡಬೇಕಾಗಿದ್ದರೆ ಅದು ನಾನಲ್ಲ.

ಅಮ್ಮಿಗೆ ಹೇಳಲಿಲ್ಲ. ಹೇಳಿದ್ದರೆ ಕುದುರೆ ಯಡ್ರಾಮಿಯಿಂದಲೂ ಹೋಗುತ್ತಿತ್ತು, ಇಬ್ಬರಿಗೂ ಇಲ್ಲದಂತೆ.

ಮುಂದಿನ ಮೆರವಣಿಗೆ ಜೇವರ್ಗಿಯಲ್ಲಿತ್ತು. ಹಿಂದಿನ ದಿನ ಭಾಯಿ ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾನೆ ಅಂತ ಗೊತ್ತಿತ್ತು. ನಾನು ಗೆಳತಿಯ ಮನೆಗೆ ಅಂತ ಹೇಳಿ, ಜಾಕೆಟ್ಟನ್ನು ಚೀಲಕ್ಕೆ ತುರುಕಿಕೊಂಡು ಬೆಳಗಿನ ಬಸ್ಸಿಗೇ ಹೊರಟೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಜೇವರ್ಗಿ ದಾಟಿ, ಯಡ್ರಾಮಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಮಾಮುವಿನ ಮನೆ ಊರಿನ ಅಂಚಿನಲ್ಲಿದೆ, ಲಾಯ ಅದರಾಚೆ ಹೊಲಕ್ಕೆ ತಾಗಿದಂತೆ. ಅವನು ಕುದುರೆಗೆ ನೀರು ಕುಡಿಸುತ್ತಿದ್ದ.

“ಜೀನು ಹಾಕ್ರಿ ಮಾಮು.”

“ನಿನ್ನ ಭಾಯಿ ಬಂದ್ರ ನನ್ನ ಚರ್ಮ ಸುಲಿತಾನ ಬೇಟಿ.”

“ಭಾಯಿ ನಿಮ್ಮನ್ನ ಸುಲಿಯಾಕ ಬರಾಕತ್ತಾನೋ, ಕುದುರಿ ಹತ್ತಾಕ ಬರಾಕತ್ತಾನೋ?”

ಮಾಮು ಬಕೀಟು ಕೆಳಗಿಟ್ಟ. ತಾನಾಗಿಯೇ ಹೇಳಿದ. ಮೊದಲ ಸಲ ಬಂದಾಗ ಭಾಯಿ ದೂರ ನಿಂತು ನೋಡಿ ಹೋದನಂತೆ. ಎರಡನೆಯ ಸಲ ಮೈ ಉಜ್ಜಿದನಂತೆ. ಮೂರನೆಯ ಸಲ ಹತ್ತುತ್ತೇನೆ ಅಂದಾಗ ಮಾಮು ಬೇಡ ಅಂದನಂತೆ, ಅಳಿಯ ಕಾಲು ಹಿಡಿಯುವುದೊಂದು ಬಾಕಿ ಇತ್ತಂತೆ. ಇಷ್ಟು ಹೇಳಿ, ನಾ ಯಾರಿಗಿ ಬ್ಯಾಡ ಅನ್ಲಿ, ನೀವಿಬ್ಬರೂ ಒಂದೇ ಗರಡಿಯವರು ಅಂತ ಜೀನು ತರಲು ಒಳಗೆ ಹೋದ.

ನಾನು ಎಡಗಡೆಗೆ ಹೋದೆ. ಕುದುರೆ ತಿರುಗಿ ಬಲಗಡೆಯನ್ನು ತೋರಿಸಿತು. ನಾನು ಮತ್ತೆ ಎಡಕ್ಕೆ ಬಂದೆ, ಅದು ಮತ್ತೆ ತಿರುಗಿತು. ನಾನು ಕಲಿಸಿದ್ದನ್ನು ಅಳಿಸಿ ಅದರ ಮೇಲೆ ಇನ್ನೊಬ್ಬರು ಬರೆದ ಹಾಗೆ. ಕೊನೆಗೆ ಬಲಗಡೆಯಿಂದಲೇ ಹತ್ತಿದೆ. ಬಲಗಾಲು ರಿಕಾಪಿಗೆ, ಬಲಗೈ ಕುತ್ತಿಗೆಗೆ, ಎಲ್ಲವೂ ಉಲ್ಟಾ. ಎಡಗೈಯಲ್ಲಿ ಊಟ ಮಾಡಿದಷ್ಟು ಅಸಹ್ಯ ಅನ್ನಿಸಿತು.

ಮೇಲೆ ಕುಳಿತ ಕೂಡಲೇ ಹಳೆಯದೆಲ್ಲ ವಾಪಸು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಮೊದಲು ಬಂದದ್ದು ಎತ್ತರ. ನೆಲ ಇಷ್ಟು ದೂರ ಇತ್ತೇ ಅನ್ನಿಸಿತು. ತೊಗರಿ ಹೊಲದ ನಡುವಿನ ಬಂಡಿ ದಾರಿ ಹಿಡಿದು ನಡೆಸಿದೆ. ಹೊಲಿಗೆಯ ಗುರುತು ಇರುವ ಎಡಗಡೆ ಏನೂ ಅನ್ನಿಸಲಿಲ್ಲ. ನನ್ನ ಬಲ ಮೊಣಕೈ ಮಾತ್ರ ನನಗೆ ಗೊತ್ತಾಗದಂತೆ ಪಕ್ಕೆಗೆ ಅಂಟಿಕೊಂಡು, ಉಳಿದದ್ದನ್ನು ಕಾಯುತ್ತಿತ್ತು. ಲಗಾಮು ಒಂದೇ ಕಡೆ ಬಿಗಿಯಾಗಿ ಕುದುರೆ ಸೊಟ್ಟ ನಡೆಯತೊಡಗಿತು. ಮೊಣಕೈ ಬಿಡಿಸಿದೆ. ಮತ್ತೆ ಹೋಗಿ ಅಂಟಿಕೊಂಡಿತು. ಊರಿನ ಎಲ್ಲರ ಜೊತೆ, ಅಮ್ಮಿಯ ಜೊತೆ, ಖಾಲಾ ಜೊತೆ ಗೆದ್ದಿದ್ದೆ. ನನ್ನ ಮೊಣಕೈಯ ಜೊತೆ ವಾದ ಮಾಡಲಿಕ್ಕಾಗಲಿಲ್ಲ. ಸ್ವಲ್ಪ ಓಡಿಸಿದೆ. ಕಾಲಿನಲ್ಲಿ ಬಲವಿರಲಿಲ್ಲ, ಜೀನಿನ ಮೇಲೆ ಕುಕ್ಕಿದೆ, ಹಲ್ಲು ಕಡಿದುಕೊಂಡೆ. ತಲೆಯೊಳಗಿನ ಗಲಾಟೆ ಒಂದು ಕ್ಷಣ ನಿಂತಿತೋ ಇಲ್ಲವೋ, ನಿಂತಿತಾ ಅಂತ ನೋಡಹೋದದ್ದಕ್ಕೇ ಮತ್ತೆ ಶುರುವಾಯಿತು.

ದಾರಿಯಲ್ಲಿ ಕಾಲುವೆ ದಾಟುವ ಕಡೆ ಒಂದು ಮೋರಿ ಇದೆ, ಅದಕ್ಕೆ ಕೂರುವಷ್ಟು ಎತ್ತರದ ಕಟ್ಟೆ. ಅಲ್ಲಿ ಕುದುರೆ ತಾನಾಗಿ ನಿಧಾನಿಸಿ, ಬಲಗಡೆಯನ್ನು ಕಟ್ಟೆಗೆ ತಾಗಿಸಿ ನಿಂತುಬಿಟ್ಟಿತು. ಹಿಮ್ಮಡಿ ಒತ್ತಿದೆ. ಅಲುಗಲಿಲ್ಲ. ಕಾಯುತ್ತಿತ್ತು. ಇಲ್ಲಿ ಇಳಿಯುವವರು ಒಬ್ಬರಿದ್ದಾರೆ ಅಂತ ಅದಕ್ಕೆ ಗೊತ್ತು.

ಇಳಿದು ಬಿಸಿಲು ತಗ್ಗುವ ತನಕ ಕಟ್ಟೆಯ ಮೇಲೆ ಕುಳಿತೆ. ಭಾಯಿಗೆ ಇಲ್ಲಿಗೆ ಸಾಕಾಗುತ್ತದೆ ಅನ್ನುವುದು ಸ್ಪಷ್ಟವಾಗಿತ್ತು. ಮೊದಲಾದರೆ ಇವನೇ ಈ ಕುದುರೆಯನ್ನು ಊರಾಚೆಯ ಗುಡ್ಡದ ತನಕ ಓಡಿಸಿ, ಉಸಿರು ಬಿಡದೆ ಬಂದು, ನಾನು ಲಗಾಮು ಜಗ್ಗಿದೆ ಅಂತ ಬೈಯುತ್ತಿದ್ದವನು. ಈಗ ಇಲ್ಲಿ ಇಳಿದು, ಕುಳಿತು, ಮತ್ತೆ ಕಟ್ಟೆಯ ಎತ್ತರದಿಂದಲೇ ಹತ್ತಿ ಹಿಂದಿರುಗುತ್ತಾನೆ. ಅವನು ಬರುವುದು ಏನು ಹುಡುಕಿಕೊಂಡು ಅಂತ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹಾಗಂತ ಸಿಟ್ಟು ಇಳಿಯಲಿಲ್ಲ. ನನಗೆ ಗೊತ್ತಿದ್ದದ್ದು ಅವನಿಗೂ ಗೊತ್ತಿತ್ತು, ಗೊತ್ತಿದ್ದೂ ನನಗೆ ಬೇಡ ಅಂದ.

ಲಾಯಕ್ಕೆ ತಿರುಗಿ ಬಂದಾಗ ಭಾಯಿ ಬಂದು ನಿಂತಿದ್ದ. ಮಾಸ್ಕ್ ಗದ್ದದ ಕೆಳಗಿತ್ತು. ನಾನು ಇಳಿದದ್ದೇ ಕೇಳಿದ.

“ಬಿದ್ದಿಲ್ಲಲ್ಲ?”

“ನೀ ಎಷ್ಟ್ ಸಲ ಬಿದ್ದಿ?”

“ಒಮ್ಮೆನೂ ಇಲ್ಲ.”

“ನಾನೂ ಇಲ್ಲ. ಮತ್ತ ಏನು?”

“ನಿಂದು ಬ್ಯಾರೆ,” ಅಂದ.

ಹೇಗೆ ಬೇರೆ ಅಂತ ಕೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡದ್ದನ್ನೆಲ್ಲ ಒಂದೊಂದಾಗಿ ಇಟ್ಟೆ. ನಂದು ಎಲ್ಲಿದೆ, ನಿಂದು ಎಲ್ಲಿದೆ, ನನ್ನ ಡಾಕ್ಟರರು ಏನಂದರು. ನೀ ನಿನ್ನ ಡಾಕ್ಟರರನ್ನು ಕೇಳಿದ್ದೀಯಾ ಅಂದೆ. ಕೇಳಿದರೆ ಬೇಡ ಅಂತಾರೆ, ಅದಕ್ಕೆ ಕೇಳಿಲ್ಲ ಅಂದ. ಲದ್ದಿ, ಧೂಳು ಆಗೋದಿಲ್ಲ ಅಂತ ಕುದುರೆ ಕಳಿಸಿ, ಅದೇ ಲದ್ದಿಯಲ್ಲಿ ಮಾಸ್ಕ್ ಇಳಿಸಿ ನಿಂತಿದ್ದೀ ಅಂದೆ. ಅವನು ಮಾಸ್ಕ್ ಮೇಲೇರಿಸಿಕೊಂಡ, ಮತ್ತೆ ಇಳಿಸಿದ. ಪ್ರತಿಯೊಂದು ಮಾತಿಗೂ ನಾನೇ ಗೆಲ್ಲುತ್ತಿದ್ದೆ, ಗೆದ್ದದ್ದು ಎಲ್ಲಿಗೂ ಹೋಗುತ್ತಿರಲಿಲ್ಲ. ಮಾಮು ಮೇವು ತರುತ್ತೇನೆ ಅಂತ ನೆಪ ಹೇಳಿ ಹೊಲದ ಕಡೆ ಹೋದ.

“ಊರಾಗ ನಾ ಹೆಂಗಿದೀನಿ ಅಂತ ಯಾರೂ ಕೇಳಂಗಿಲ್ಲ ಗೊತ್ತೇನು,” ಅಂದ ಭಾಯಿ, ಕುದುರೆಯ ಹೊಟ್ಟೆಪಟ್ಟಿ ಸಡಿಲಿಸುತ್ತ. “ತಂಗಿ ಕಿಡ್ನಿ ಹೆಂಗದಪಾ ಅಂತಾರ. ಅಮ್ಮಿನೂ ಹಂಗೇ ಕೇಳ್ತಾಳ. ಚಂದಗದ ಅಂತೀನಿ. ಬ್ಯಾರೆಯವರ ಸಾಮಾನು ಕಾಯೋ ವಾಚ್‌ಮನ್ ಆಗೀನಿ. ಇದರ ಮ್ಯಾಲ ಕುಂತಾಗಷ್ಟೇ ನಾ ನನ್ನಂವ.”

“ಹಂಗಂತ ನನಗ ಯಾಕ ಬ್ಯಾಡ ಅಂತಿ? ನಾ ಯಾರ ಸಾಮಾನು ಕಾಯಬೇಕು?”

“ನೀ ಬಿದ್ದಿ ಅಂದ್ರ ಮಂದಿ ಏನಂತಾರ?”

“ಮಂದಿ ಬಿಡು. ನೀ ಏನಂತಿ?”

“ನಾ ಏನ್ ಅನ್ನಾಕ ಉಳೀತೇನಿ,” ಅಂದ. “ನೀ ಕೊಟ್ಟಿ, ನಾ ಬದುಕಿದೆ. ಉಳಿದಿದ್ದೊಂದರ ಸಲುವಾಗಿ ನಿನಗ ಏನರ ಆದ್ರ, ನಾ ಬದುಕಿದ್ದೇ ತಪ್ಪಾಗ್ತದ. ಅಷ್ಟೂ ತಿಳಿಯಂಗಿಲ್ಲೇನು ನಿನಗ?”

ತಿಳಿಯಿತು. ತಿಳಿದದ್ದೇ ತೊಂದರೆಯಾಯಿತು. ಅದುವರೆಗೆ ಅವನು ನನ್ನನ್ನು ತಡೆದದ್ದು ಅಧಿಕಾರದಿಂದ ಅಂದುಕೊಂಡಿದ್ದೆ, ಅಧಿಕಾರದ ವಿರುದ್ಧ ಮಾತಾಡುವುದು ನನಗೆ ಬರುತ್ತದೆ. ಅಂಜಿಕೆಯ ವಿರುದ್ಧ ಏನು ಮಾತಾಡಬೇಕು ಅಂತ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಅದೂ ಅಲ್ಲದೆ, ಅದೇ ಅಂಜಿಕೆ ಬಸ್ಸಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿತ್ತು. ಜೀನಿನ ಮುಂಭಾಗ, ಅವನ ಹೊಟ್ಟೆ, ಒಂದು ಪೆಟ್ಟು. ನಾನು ಅದನ್ನು ಸಿಟ್ಟು ಅಂತ ಕರೆದುಕೊಂಡಿದ್ದೆ.

ನಾವಿಬ್ಬರೂ ಕುದುರೆಯ ಬಲಗಡೆಯೇ ನಿಂತಿದ್ದೆವು. ಅದು ನಮ್ಮಿಬ್ಬರಲ್ಲಿ ಯಾರು ಹತ್ತುತ್ತಾರೆ ಅಂತ ಕಾಯುತ್ತಾ ಒಂದು ಹಿಂಗಾಲು ಸಡಿಲ ಬಿಟ್ಟಿತ್ತು. ನಾಳೆ ಜೇವರ್ಗಿಯಲ್ಲಿ ಮೆರವಣಿಗೆ. ಮದುಮಗನ ಕಡೆಯವರು ದೊಡ್ಡ ಬ್ಯಾಂಡು ಕರೆಸಿದ್ದಾರೆ ಅಂತ ಭಾಯಿಯೇ ಹೇಳಿದ್ದ. ಬೆಳಗ್ಗೆ ಬೆವರು ತೆಗೆಯದಿದ್ದರೆ ಏನೂ ಅರಿಯದ ಒಬ್ಬ ಹುಡುಗ ಬಾಸಿಂಗದ ಸಮೇತ ನೆಲಕ್ಕೆ ಬೀಳುತ್ತಾನೆ. ಮಾಮುವಿನಿಂದ ಆಗದು. ಹತ್ತುವವರು ನಾನು, ಇಲ್ಲವೇ ಅವನು. ಇನ್ನೊಬ್ಬರು ಲಾಯದ ಬಾಗಿಲಲ್ಲಿ ನಿಂತು, ಕುದುರೆ ತೊಗರಿ ಹೊಲದ ತಿರುವಿನಲ್ಲಿ ಮರೆಯಾಗಿ ಮತ್ತೆ ಕಾಣುವ ತನಕ ಕಾಯಬೇಕು.

ಭಾಯಿ ಜೀನನ್ನು ಇಳಿಸಲಿಲ್ಲ. ಕೈ ಅದರ ಮೇಲಿಟ್ಟುಕೊಂಡು ನಿಂತಿದ್ದ. ವಾದ ಮಾಡಲಿಕ್ಕೆ ಬಾರದ ಮಾತೊಂದನ್ನು ನಾನು ಅವನಿಗೆ ಕೇಳಿದೆ:

“ನೀ ಹೋಗಿ ಬರೋ ತನಾ ನಾ ಇಲ್ಲಿ ನಿಂತಿರೋದು, ನಾ ಹೋಗಿ ಬರೋ ತನಾ ನೀ ಇಲ್ಲಿ ನಿಂತಿರೋದು, ಎರಡರಾಗ ಯಾವುದು ನಿನ್ನಿಂದ ತಡಕೊಳ್ಳಾಕ ಆಗ್ತದ ಭಾಯಿ?”